ಉಳಿದ ಎರಡು ಗುಟುಕು

ಪಾತ್ರೆಯಲ್ಲಿ ಎರಡು ಗುಟುಕು ಉಳಿದಿತ್ತು. ಅರಸೀಕೆರೆ ರೈಲ್ವೆ ಕಾಲೋನಿಯ ಪುಟ್ಟ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಮುಗಿದಿತ್ತು. ಎಲ್ಲರೂ ಒಂದೇ ಪಾತ್ರೆಯಿಂದ ಕುಡಿದ ಮೇಲೆ ಉಳಿಯುವ ದ್ರಾಕ್ಷಾರಸವನ್ನು ಪಾದ್ರಿ ಅಯ್ಯನವರೇ ಕುಡಿದು ಮುಗಿಸುವುದು ವಾಡಿಕೆ. ಒಂದು ಹನಿಯೂ ನೆಲಕ್ಕೆ ಬೀಳಬಾರದು. ಆದರೆ ತಿಂಗಳಿಗೊಮ್ಮೆ ಹಾಸನದಿಂದ ಬರುವ ಅಯ್ಯನವರಿಗೆ ಅವತ್ತು ಗಂಟಲು ಕಟ್ಟಿ ಮೈ ಕಾದಿತ್ತು. ತಾವು ರೊಟ್ಟಿಯನ್ನಷ್ಟೇ ತೆಗೆದುಕೊಂಡು, ಪಾತ್ರೆಯನ್ನು ತುಟಿಗೆ ಮುಟ್ಟಿಸಿರಲಿಲ್ಲ. ಕೊನೆಗೆ ಅದನ್ನು ಸಭೆಯ ಹಿರಿಯರಾದ ಸಮಾಧಾನಪ್ಪನವರ ಕೈಗಿತ್ತು, ಈ ಸಲ ನೀವೇ ಮುಗಿಸಿಬಿಡಿ ಎಂದರು.

ಸಮಾಧಾನಪ್ಪನವರು ಪಾರ್ಸಲ್ ಆಫೀಸಿನ ಗುಮಾಸ್ತರು. ಯಾವುದು ಮೊದಲು ಹೋಗಬೇಕು, ಯಾವುದು ಕೊನೆಗೆ ಹೋಗಬೇಕು ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಚರ್ಚಿನ ಸಾಲನ್ನೂ ಅವರೇ ನಿಲ್ಲಿಸುತ್ತಿದ್ದರು. ಕೊನೆಗೆ ಬರುತ್ತಿದ್ದವಳು ದ್ಯಾವಮ್ಮ, ಯಾರ್ಡಿನಲ್ಲಿ ಕಸ ಗುಡಿಸುವವಳು, ಎರಡು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದವಳು. ಅವಳ ಮಂಡಿನೋವನ್ನು ಕಂಡುಹಿಡಿದವರೂ ಸಮಾಧಾನಪ್ಪನವರೇ. ಮೊದಲ ಸಲ ಅವಳು ಸಾಲಿನ ನಡುವೆ ಬಂದು ನಿಂತಾಗ, ನಿನಗೆ ಮಂಡಿನೋವಲ್ಲವೇ, ಎಲ್ಲರದೂ ಆಗಲಿ, ನಿಧಾನವಾಗಿ ಬಾ ಎಂದಿದ್ದರು. ಅವಳು ಅವರ ಮುಖವನ್ನೊಮ್ಮೆ ನೋಡಿ ಹೂಂ ಎಂದಿದ್ದಳು. ಅಂದಿನಿಂದ ಪ್ರತಿ ತಿಂಗಳೂ ಎಲ್ಲರ ಹಿಂದೆ, ಕೊಂಚ ಕುಂಟುತ್ತ ಬರುತ್ತಿದ್ದಳು. ಸಮಾಧಾನಪ್ಪನವರ ಅಜ್ಜನೂ ಗಂಡಸಿ ಕಡೆಯ, ಅವಳದರಂಥದೇ ಊರಾಚೆಯ ಕೇರಿಯಿಂದ ಬಂದವರು. ಆದರೆ ಮೂರು ತಲೆಮಾರೆಂದರೆ ಸಣ್ಣ ದೂರವಲ್ಲ.

ಅವರು ಪಾತ್ರೆಯನ್ನು ಪಕ್ಕದ ಕೋಣೆಗೆ ಒಯ್ದರು. ದ್ಯಾವಮ್ಮ ಕುಡಿದ ಮೇಲೆ ಅಂಚನ್ನು ಅಯ್ಯನವರು ಬಿಳಿಯ ಬಟ್ಟೆಯಿಂದ ಒರೆಸಿದ್ದರು. ಬಟ್ಟೆ ಒರೆಸುವುದು ಕಾಣುವುದನ್ನು ಮಾತ್ರ. ಮೂರು ಸಲ ಬಾಯಿಯವರೆಗೆ ಎತ್ತಿದರು, ಮೂರು ಸಲ ಇಳಿಸಿದರು. ರಸವನ್ನು ಮಾಡಿದ್ದು ಅವರದೇ ಹೆಂಡತಿ, ಅವರದೇ ಒಲೆಯ ಮೇಲೆ, ಒಣದ್ರಾಕ್ಷಿ ಕುದಿಸಿ. ಕೊನೆಗೆ ಹಿಂಬಾಗಿಲು ತೆರೆದು ದಾಸವಾಳದ ಬುಡಕ್ಕೆ ಸುರಿದರು.

ತಿರುಗಿದರೆ ನಲ್ಲಿಯ ಹತ್ತಿರ ದ್ಯಾವಮ್ಮ ನಿಂತಿದ್ದಳು.

"ನೊಣ ಬಿದ್ದಿತ್ತಾ ಸ್ವಾಮಿ?" ಎಂದಳು.

"ಹೂಂ. ನೊಣ."

"ಸರಿ ಬಿಡಿ," ಎಂದು ಅವಳು ಕಾಲು ತೊಳೆದುಕೊಂಡಳು.

ಆ ತಿಂಗಳು ಪೂರ್ತಿ ಸಮಾಧಾನಪ್ಪನವರು ಸತ್ಯವೇದವನ್ನು ಎಂದಿಗಿಂತ ಹೆಚ್ಚು ಓದಿದರು. ರಕ್ಷಣೆ ಸಿಗುವುದು ನಂಬಿಕೆಯಿಂದ, ಗುಟುಕಿನಿಂದಲ್ಲ ಎಂಬುದಕ್ಕೆ ಹನ್ನೊಂದು ವಾಕ್ಯಗಳು ಸಿಕ್ಕವು. ಹನ್ನೊಂದೂ ಗಟ್ಟಿಯಾಗಿದ್ದವು. ಆದರೂ ಹನ್ನೆರಡನೆಯದನ್ನು ಹುಡುಕುತ್ತಲೇ ಇದ್ದರು. ಹುಡುಕುವಾಗ ನೆನಪಾಗುತ್ತಿದ್ದುದು ವಾಕ್ಯವಲ್ಲ, ದೀಕ್ಷಾಸ್ನಾನಕ್ಕೆ ಮುಂಚೆ ಅವಳಿಗೆ ತಾವೇ ನಡೆಸಿದ ಪಾಠ. ನಿನ್ನ ಬೆಲೆ ಎಷ್ಟು ಎಂದು ಅವರು ಕೇಳಿದ್ದಕ್ಕೆ ದ್ಯಾವಮ್ಮ ತನ್ನ ದಿನಗೂಲಿ ಹೇಳಿದ್ದಳು. ಅವರು ನಕ್ಕು, ಹಾಗಲ್ಲ, ಆ ಪಾತ್ರೆಯಲ್ಲಿರುವುದು ಕರ್ತನು ನಿನಗಾಗಿ ಸುರಿಸಿದ ರಕ್ತ, ಅದೇ ನಿನ್ನ ಬೆಲೆ ಎಂದು ತಿದ್ದಿದ್ದರು. ಅವಳು ಕೇಳಿದ್ದಳು:

"ನಿಮ್ದೂ ಅಷ್ಟೇನಾ ಸ್ವಾಮಿ?"

"ನನ್ನದೂ ಅಷ್ಟೇ."

"ಇಬ್ರುದೂ ಒಂದೇ ರೇಟಾ?"

ಒಂದೇ ಎಂದು ಅವರು ಧಾರಾಳವಾಗಿ ಒಪ್ಪಿದ್ದರು. ಪಾಠ ಚೆನ್ನಾಗಿ ನಡೆಯಿತೆಂದು ಮನೆಯಲ್ಲಿ ಹೇಳಿಕೊಂಡಿದ್ದರು ಕೂಡ.

ಮುಂದಿನ ತಿಂಗಳ ಆರಾಧನೆಗೆ ಅಯ್ಯನವರ ಗಂಟಲು ಸರಿಹೋಗಿತ್ತು. ಸಾಲು ಕರಗಿತು. ಕೊನೆಗೆ ದ್ಯಾವಮ್ಮ ಕುಂಟುತ್ತ ಬಂದು ಮೊಣಕಾಲೂರಿದಳು. ಅಯ್ಯನವರು ಪಾತ್ರೆಯನ್ನು ಬಾಗಿಸುವಷ್ಟರಲ್ಲಿ ಸೆರಗಿನಿಂದ ಒಂದು ಅಲ್ಯೂಮಿನಿಯಂ ಲೋಟ ತೆಗೆದು ಎರಡೂ ಕೈಯಲ್ಲಿ ಹಿಡಿದಳು.

"ಇದುಕ್ಕೆ ಹುಯ್ರಿ ಅಯ್ನೋರೇ. ಮೇಲಿಂದ."

"ಯಾಕಮ್ಮ, ಪಾತ್ರೆ ಇದೆಯಲ್ಲ?"

"ಐತೆ. ನಾನು ಕುಡುದ್ ಮೇಲೆ ನೊಣ ಬೀಳ್ತದೆ."

ಅಯ್ಯನವರು ಪಾತ್ರೆಯೊಳಗೆ ನೋಡಿದರು, ಲೋಟವನ್ನು ನೋಡಿದರು. ಏನೂ ಅರ್ಥವಾಗದೆ ಸುರಿದರು. ಸಮಾಧಾನಪ್ಪನವರು ಮೊದಲ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಪ್ರಾರ್ಥನೆಯಲ್ಲಿದ್ದಾರೆ ಎಂದುಕೊಂಡು ಹಿಂದಿನವರೂ ತಲೆ ತಗ್ಗಿಸಿದರು.

ಆರಾಧನೆ ಮುಗಿದದ್ದೇ ಸಮಾಧಾನಪ್ಪನವರು ಹಿಂಬಾಗಿಲಿನಿಂದ ಹೊರಬಂದರು. ಅವಳು ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದಳು. ಬೆಂಚಿನಲ್ಲಿ ಕುಳಿತೇ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೇ ಒಂದು ಬಾಯಿಗೆ ಬಂತು.

"ದ್ಯಾವಮ್ಮ, ಅವತ್ತು ನೊಣ ಇರಲಿಲ್ಲ."

"ಗೊತ್ತು ಸ್ವಾಮಿ."

"ಮುಂದಿನ ತಿಂಗಳು ನೀನು ಎಲ್ಲರಿಗಿಂತ ಮೊದಲು ಬಾ. ನಿನ್ನ ಹಿಂದೆ ನಾನು ನಿಲ್ತೀನಿ."

ಅವಳು ಲೋಟವನ್ನು ಕೊಡವಿ, ಸೆರಗಿನಲ್ಲಿ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮಂಡಿನೋವಲ್ವಾ ಸ್ವಾಮಿ," ಎಂದಳು.

ಹಾಗೆಂದು ಯಾರ್ಡಿನ ಕಡೆ ಹೊರಟಳು. ಜಲ್ಲಿಯ ಏರು ಹತ್ತಿ, ಒಂದಾದ ಮೇಲೊಂದರಂತೆ ನಾಲ್ಕೂ ಹಳಿಗಳನ್ನು ದಾಟಿ ಹೋದಳು, ಬಿರಬಿರನೆ, ಎಲ್ಲಿಯೂ ಕುಂಟದೆ.