ಎದುರು ಸುತ್ತು

ಸ್ಪೇನಿನ ದೊರೆಗಳು ಕಟ್ಟಿಸಿದ ಆ ಚೌಕದಲ್ಲಿ ಸಂಜೆ ಹೊತ್ತು ಗಂಡಸರು ಒಂದು ದಿಕ್ಕಿಗೆ, ಹೆಂಗಸರು ಅದಕ್ಕೆ ಎದುರಾಗಿ ಸುತ್ತುವುದು ಹಿಂದಿನಿಂದ ಬಂದ ರೂಢಿ. ಹುಡುಗನನ್ನು ಮೆಚ್ಚಿದ ಹುಡುಗಿ ತಿರುಗಿ ಅವನ ಪಕ್ಕ ನಡೆದರೆ ಮದುವೆ ಗೊತ್ತಾದ ಹಾಗೆ. ಈಗ ಸುತ್ತುವವರು ಒಬ್ಬ ಮುದುಕ, ಒಬ್ಬಳು ಮುದುಕಿ ಮಾತ್ರ. ಎದುರಾದಾಗಲೆಲ್ಲ ಅವನು ಟೋಪಿ ಎತ್ತುತ್ತಿದ್ದ. ಅವಳು ತಲೆಬಾಗಿಸಿ ಮುಂದೆ ನಡೆಯುತ್ತಿದ್ದಳು.

ಚೌಕದ ಚರಿತ್ರೆ ಬರೆಯಲು ಬಂದಿದ್ದ ಹುಡುಗಿ ಅವಳ ಜೊತೆ ಹೆಜ್ಜೆ ಹಾಕುತ್ತಾ ಕೇಳಿದಳು, "ಪಾಪ ಅಜ್ಜೀ, ಒಂದು ಸಲ ತಿರುಗಿಬಿಡಬಾರದಾ?"

"ತಿರುಗಿದ್ದೆ ಕಣಮ್ಮಾ. ಇವರ ಜೊತೇನೇ ಮದುವೆಯಾಗಿ ನಾಲ್ಕು ಮಕ್ಕಳೂ ಆದ್ವು."

"ಮತ್ತೆ ಈಗ ಯಾಕೆ ಹೀಗೆ?"

"ಈಗ ಅವರಿಗೆ ಯಾವುದೂ ನೆನಪಿಲ್ಲ. ಮೊನ್ನೆ ತಿರುಗಿ ಪಕ್ಕಕ್ಕೆ ಹೋದೆ. 'ಬೇಜಾರು ಮಾಡ್ಕೋಬೇಡಿ ತಾಯಿ, ನನ್ನ ಹುಡುಗಿ ಬರೋ ಹೊತ್ತಾಯ್ತು, ನೋಡಿದ್ರೆ ತಪ್ಪು ತಿಳ್ಕೋತಾಳೆ' ಅಂದ್ರು."