ಅಕ್ಕಿಯಲ್ಲಿ ಬರೆದ ಹೆಸರು

ಓಡುವ ಮುಂಚೆ ಯಾರ ಹೆಸರು ಹೇಳುತ್ತೇವೋ ಕಸುವು ಅವರ ಮೈಗೆ ಸೇರುತ್ತದೆ. ಹೆಸರು ತಪ್ಪಿದರೆ ಓಡಿದವರಲ್ಲೇ ಉಳಿಯುತ್ತದೆ. ಹೀಗಾಗಿ ಧಾರವಾಡದ ಸೊಸೆಯರು ಬೆಳಿಗ್ಗೆ ಮೈದಾನದಲ್ಲಿ ಓಡುತ್ತಾರೆ, ಅತ್ತೆಯರು ಕಟ್ಟೆಯ ಮೇಲೆ ಕೂತು ಕಾಯುತ್ತಾರೆ.

“ನನ್ನ ಮೊಣಕಾಲು ಇದ್ದಂಗ ಅವ. ನಿನ್ನ ಮೀನಖಂಡ ನೋಡು, ಪೈಲವಾನನ ಹಂಗ! ಕಳ್ಳಿ!” ಎಂದು ನಮ್ಮತ್ತೆ ವೈಜಯಂತಿಬಾಯಿ ಕೋಲು ಕುಟ್ಟಿದರು.

“ನಿಮ್ಮೆದುರಿಗೇ ನಿಮ್ಮ ಹೆಸರು ಹೇಳ್ತೀನಲ್ಲ, ಅತ್ತೀ?”

ಆ ಹೆಸರು ಅತ್ತೆಯ ಮದುವೆಯಲ್ಲಿ ಅವರ ಗಂಡನ ಮನೆಯವರು ತಟ್ಟೆಯ ಅಕ್ಕಿಯಲ್ಲಿ ಬರೆದಿಟ್ಟದ್ದು. ನನ್ನ ಹೆಸರನ್ನೂ ಹಾಗೇ ಬದಲಾಯಿಸಿದವರು ಈ ಅತ್ತೆಯೇ. ಮೈಗೆ ಗೊತ್ತಿರುವುದು ತೊಟ್ಟಿಲಲ್ಲಿ ಇಟ್ಟ ಹೆಸರು ಮಾತ್ರ ಎಂದು ಇವರಿಗಿನ್ನೂ ಹೊಳೆದಿಲ್ಲ. ನನಗೆ ಹೊಳೆದದ್ದು, ಪಂಚಮಿಗೆ ಬಂದ ಅತ್ತೆಯ ಅಕ್ಕ ಅವರನ್ನು “ಏ ಚಂಪಾ” ಎಂದು ಕರೆದಾಗ. ಮರುದಿನ ಚಂಪಾ ಎಂದು ಹೇಳಿ ಓಡಿದೆ. ಅವತ್ತು ಅತ್ತೆ ಕೋಲಿಲ್ಲದೆ ಮಾಳಿಗೆ ಹತ್ತಿ ಬಂದರು, ಬಟ್ಟೆ ಒಣಹಾಕುತ್ತಿದ್ದ ನನ್ನನ್ನು ತವರನ್ನೂ ಸೇರಿಸಿ ಬೈಯಲು.

“ಗಟ್ಟಿಯಾಗಿ ಹೇಳು ನನ್ನ ಹೆಸರು. ಎಲ್ಲಾರೂ ಕೇಳ್ಲಿ!” ಎಂದರು ಈಗ.

“ವೈಜಯಂತಿಬಾಯಿ!” ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿ, ಹಗುರಾಗಿ ಓಡಿದೆ.