ಮುಂದಿನ ಕ್ಯಾಬಿನ್

“ಎರಡ ರೂಮು ಉಳದಾವಂತ ಸಾರ್. ಒಂದು ತೀರಾ ಮುಂದಿಂದು, ಒಂದು ನಡುವಿಂದು. ಯಾವುದು ಛಲೋ, ನೀವ ಹೇಳ್ಬೇಕು.”

ಎರ್ರಿಸ್ವಾಮಿ ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ಅದು ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಗವಿಸಿದ್ದಪ್ಪ ಮೇಷ್ಟ್ರು ಕನ್ನಡಕದ ಡಬ್ಬಿಯನ್ನು ಒಂದು ತುದಿಗೆ ಇಟ್ಟರು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಹಾಕಿ ಮೇಲೆ ಬಂದ ಈ ಹಳೆಯ ಶಿಷ್ಯ ಶ್ರಾವಣದಲ್ಲಿ ಮದ್ರಾಸಿನಿಂದ ಅಂಡಮಾನಿಗೆ ಹಡಗು ಹತ್ತುವವನಿದ್ದ. ೧೯೭೬ರ ಮಾತಿದು. ಬಳ್ಳಾರಿಯಲ್ಲಿ ಹಡಗಿನ ಬಗ್ಗೆ ಕೇಳಬೇಕೆಂದರೆ ಎಲ್ಲರೂ ಬ್ರೂಸ್‌ಪೇಟೆಯ ಈ ಮನೆಯನ್ನೇ ತೋರಿಸುತ್ತಿದ್ದರು.

ಮೇಷ್ಟ್ರಿಗೆ ಗೊತ್ತಿಲ್ಲದ್ದೇನಿತ್ತು? ಮದುವೆಗೆ ಮೊದಲು ಸೋದರಮಾವನ ಜೊತೆ ಇದೇ ದಾರಿಯಲ್ಲಿ, ಇಂಥದೇ ಮುಂದಿನ ಕ್ಯಾಬಿನ್ನಿನಲ್ಲಿ ಹೋಗಿದ್ದರು. ಒಂದೊಂದು ಅಲೆಗೂ ಹಡಗಿನ ಮೂತಿ ಆಳೆತ್ತರ ಎದ್ದು ಧೊಪ್ಪನೆ ಬೀಳುತ್ತಿತ್ತು. ಕತ್ತಲಾದರೆ ಕಿಟಕಿಗೆ ದಪ್ಪ ಪರದೆ ಎಳೆಯಬೇಕಿತ್ತು, ಇಲ್ಲದಿದ್ದರೆ ದೀಪದ ಬೆಳಕು ಮೇಲೆ ಹಡಗು ನಡೆಸುವವರ ಕಣ್ಣಿಗೆ ಅಡ್ಡಿ. ಮೂರು ದಿನವೂ ಮೇಷ್ಟ್ರು ಬೋಗುಣಿ ತಬ್ಬಿಕೊಂಡು ಕೂತಿದ್ದರು. ನಡುವಿನ ಕ್ಯಾಬಿನ್ನಿನವರು ಮಾತ್ರ ಹೊತ್ತುಹೊತ್ತಿಗೆ ಉಂಡು ಇಸ್ಪೀಟು ಆಡುತ್ತಿದ್ದರು. ಅದರಲ್ಲೂ ಶ್ರಾವಣದ ಸಮುದ್ರವೆಂದರೆ ಕೇಳುವುದೇ ಬೇಡ.

ಇಷ್ಟನ್ನು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರ ಹೊಟ್ಟೆಯೊಳಗೆ ಕುರುಗೋಡು ಕುದಿಯುತ್ತಿತ್ತು. ಕಳೆದ ಸಂಕ್ರಾಂತಿಯ ಮರುವಾರ ಅಲ್ಲಿ, ಮೇಷ್ಟ್ರು ಕಲಿಸಿದ ಶಾಲೆಯಲ್ಲಿ, ಹಳೆಯ ವಿದ್ಯಾರ್ಥಿಗಳ ಸಮಾರಂಭವಿತ್ತು. ಅಧ್ಯಕ್ಷ ಇದೇ ಎರ್ರಿಸ್ವಾಮಿ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರನ್ನು ಯಾರೋ ಬಂದು ಎಬ್ಬಿಸಿದರು. ಸಾಹುಕಾರರೊಬ್ಬರ ಮನೆಯವರು ಬಂದಿದ್ದರಂತೆ. ಮೇಷ್ಟ್ರಿಗೆ ಕಟ್ಟಕಡೆಯ ಸಾಲಿನಲ್ಲಿ, ಮೈಕಿನವನ ಪಕ್ಕದಲ್ಲಿ ಒಂದು ಕುರ್ಚಿ ಸಿಕ್ಕಿತು. ಮೂವತ್ತೊಂದು ವರ್ಷ ಭೂಗೋಳ ಕಲಿಸಿದವನಿಗೆ ಭೂಮಿಯ ಮೇಲೆ ಸಿಕ್ಕ ಜಾಗ ಅದು! ವೇದಿಕೆಯ ಮೇಲಿದ್ದ ಎರ್ರಿಸ್ವಾಮಿ ಎಲ್ಲವನ್ನೂ ನೋಡಿದ. ನೋಡಿಯೂ ತಲೆ ತಗ್ಗಿಸಿ ಕೊರಳಿನ ಹಾರ ಸರಿಮಾಡಿಕೊಂಡ. ಮೇಷ್ಟ್ರು ಆ ಅವಮಾನವನ್ನು ಹೆಂಡತಿಗೂ ಹೇಳಿರಲಿಲ್ಲ.

ಈಗ ನಕ್ಷೆಯ ಮೂತಿಯ ಮೇಲೆ ಬೆರಳಿಟ್ಟರು. “ಮುಂದಿಂದ ಹಿಡಿಯಪಾ. ಎದುರಿಗೆ ಬರೇ ಸಮುದ್ರ. ರಾಜನಂಗ ಹೋಗಬೌದು.”

“ನಡುವಿಂದು?”

“ಅದರಾಗ ಏನೈತಿ? ಸುಮ್ನ ಮಲಗಿ ಹೋಗಾಕ ಹಡಗು ಯಾಕ ಬೇಕು?”

ಚಹಾ ತಂದ ಚನ್ನವೀರಮ್ಮ ಗಂಡನ ಹೆಗಲ ಮೇಲಿಂದ ನಕ್ಷೆಗೆ ಬಗ್ಗಿದರು. ಸಮುದ್ರ ತೋರಿಸುತ್ತೇನೆಂದು ಮೇಷ್ಟ್ರು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದರು. ಆಕೆ ಕಂಡ ದೊಡ್ಡ ನೀರೆಂದರೆ ಇನ್ನೂ ತುಂಗಭದ್ರೆಯ ಡ್ಯಾಮೇ. ಬಾದನಹಟ್ಟಿಯ ತವರಿಗೆ ಬಸ್ಸು ಹತ್ತಿದರೂ ಮೂಗಿಗೆ ನಿಂಬೆಹಣ್ಣು ಹಿಡಿದೇ ಕೂರಬೇಕು.

“ಹಡಗಿನ್ಯಾಗ ವಾಂತಿ ಆಗಂಗಿಲ್ಲೇನ್ರಿ?” ಎಂದು ಕೇಳಿದರು.

“ಮುಂದ ಕುಂತವ್ರಿಗೆ ಎಲ್ಲೀ ವಾಂತಿ? ನಿಂಬಿಹಣ್ಣೂ ಬ್ಯಾಡ, ಏನೂ ಬ್ಯಾಡ,” ಎಂದರು ಮೇಷ್ಟ್ರು.

ಎರ್ರಿಸ್ವಾಮಿ ಇಬ್ಬರ ಮುಖವನ್ನೂ ನೋಡಿದ. “ನೀವಾಗಿದ್ರ ಯಾವುದು ತಗೋತಿದ್ರಿ ಸಾರ್?”

“ಕಣ್ಣು ಮುಚ್ಚಿ ಮುಂದಿಂದ.”

“ಅಷ್ಟ ಬೇಕಾಗಿತ್ತು ನನಗ. ನಿಮ್ಮ ಕೈಲೇ ಒಂದು ಗುರುತು ಹಾಕಿಬಿಡ್ರಿ.”

ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಪೆನ್ನನ್ನು ಹುಡುಕಿ ತೆಗೆದು ಮುಂದಿನ ಕ್ಯಾಬಿನ್ನಿಗೆ ದೊಡ್ಡದೊಂದು ಸರಿ ಗುರುತು ಹಾಕಿದರು. ಎರ್ರಿಸ್ವಾಮಿ ಬಗ್ಗಿ ಕಾಲು ಮುಟ್ಟಿದ. ಆ ಒಂದು ಗಳಿಗೆ ನಿಜ ಮೇಷ್ಟ್ರ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕುರುಗೋಡಿನ ಮೈಕು ಕಿವಿಯಲ್ಲಿ ಕೀರಿಟ್ಟಿತು. ಬಂದ ಮಾತನ್ನು ಚಹಾದ ಜೊತೆ ನುಂಗಿಬಿಟ್ಟರು.

ಹೋಗುವಾಗ ಎರ್ರಿಸ್ವಾಮಿ ಹೊಸ್ತಿಲ ಬಳಿ ಚನ್ನವೀರಮ್ಮನೊಡನೆ ಎರಡು ನಿಮಿಷ ಪಿಸುಗುಟ್ಟಿದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತದ್ದು ಕಾಣಿಸಿತು. ಪ್ರಯಾಣಕ್ಕೆ ಉಪ್ಪಿನಕಾಯಿ ಕೇಳುತ್ತಿರಬೇಕು ಎಂದುಕೊಂಡರು ಮೇಷ್ಟ್ರು.

ಆಮೇಲಿನ ಒಂದು ತಿಂಗಳು ಮೇಷ್ಟ್ರು ಎಂದೂ ಇಲ್ಲದ ಖುಷಿಯಲ್ಲಿದ್ದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಪೇಪರಿನಲ್ಲಿ ಬಂದ ದಿನ ಆ ಸುದ್ದಿಯನ್ನು ಎರಡು ಸಲ ಓದಿ, ಇನ್ನೊಂದು ಚಹಾ ಕೇಳಿದರು. ಚನ್ನವೀರಮ್ಮನೂ ಗೆಲುವಾಗಿದ್ದರು. ರೇಷ್ಮೆ ಸೀರೆಗೆ ಗಾಳಿಯಾಡಿಸಿದರು, ಟ್ರಂಕಿನ ಬೀಗಕ್ಕೆ ಎಣ್ಣೆ ಬಿಟ್ಟರು. ಶ್ರಾವಣಕ್ಕೆ ತವರಿಗೆ ಹೊರಟಿರಬೇಕೆಂದು ಮೇಷ್ಟ್ರು ಕೇಳಲೂ ಹೋಗಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ ಬಾಗಿಲಲ್ಲಿ ಕಾರು ನಿಂತಿತು. ಎರ್ರಿಸ್ವಾಮಿ ಹೆಂಡತಿ ಜಂಬಮ್ಮನೊಡನೆ ಬಂದು ಕಾಲಿಗೆರಗಿದ.

“ಸುಖವಾಗಿ ಹೋಗಿ ಬರ್ರಿ,” ಎಂದು ಮೇಷ್ಟ್ರು ಬಾಯಿತುಂಬ ಹರಸಿದರು.

ಎರ್ರಿಸ್ವಾಮಿ ಮೇಲೇಳಲಿಲ್ಲ. “ಕುರುಗೋಡಿನಾಗ ನಿಮ್ಮನ್ನ ಎಬ್ಬಿಸಿ ಹಿಂದ ಕಳಿಸಿದ್ದು ನೋಡ್ದೆ ಸಾರ್. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ. ಅವತ್ತಿಂದ ನೆಟ್ಟಗ ಊಟ ಸೇರವಲ್ದು. ಆ ತಪ್ಪು ತೊಳಕೊಳ್ಳಾಕ ಇಷ್ಟು ಮಾಡೀನಿ. ನಡುವಿನ ರೂಮಿನ್ಯಾಗ ನಾವಿಬ್ರು ಹೆಂಗರ ಇರ್ತೀವಿ.”

ಮೇಷ್ಟ್ರು ಹರಸಲು ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದರು. “ಮತ್ತ… ಮುಂದಿಂದು?”

ರೇಷ್ಮೆ ಸೀರೆ ಉಟ್ಟ ಚನ್ನವೀರಮ್ಮ ಟ್ರಂಕು ಎಳೆದುಕೊಂಡು ನಡುಮನೆಗೆ ಬಂದರು. “ಏಳ್ರಿ, ಮದ್ರಾಸ್ ರೈಲಿಗೆ ಹೊತ್ತಾತು. ನೀವು ಬ್ಯಾಡ ಅಂದ್ರಂತ ನಿಂಬಿಹಣ್ಣು ಒಂದೂ ಇಟಗೊಂಡಿಲ್ಲ ನೋಡ್ರಿ!”